ಗುರುವಾರ ಬದಲಾದ ಜಾಗ

ಶನಿವಾರ ಬೆಳಿಗ್ಗೆ ಸಿಪಾಯಿಗಳು ನಮ್ಮ ಕಬ್ಬಿನ ತೋಟಕ್ಕೆ ನುಗ್ಗಿದರು. ನೇರವಾಗಿ ಸಕ್ಕರೆ ಕಾಯಿಸುವ ಮನೆಗೆ ಹೋಗಿ ನೆಲ ಅಗೆದರು. ಏನೂ ಸಿಗಲಿಲ್ಲ. ಆಮೇಲೆ ಗುಡಿಸಲುಗಳನ್ನೆಲ್ಲ ಜಾಲಾಡಿ, ಕೊನೆಗೆ ರೋಗಿಗಳನ್ನು ಮಲಗಿಸುವ ಕೊಟ್ಟಿಗೆಯ ಹುಲ್ಲಿನ ಮಾಡಿನಿಂದ ನಲವತ್ತು ಕತ್ತಿಗಳನ್ನು ಎಳೆದರು. ಆರು ಜನರನ್ನು ಕಟ್ಟಿ ಒಯ್ದರು. ಅವರಲ್ಲಿ ನನ್ನ ಗಂಡ ಕ್ವಾಮಿನಾ ಒಬ್ಬ.

ಆಂಟಿಗಾ ದ್ವೀಪದ ಗುಲಾಮರಾದ ನಾವು ಸೋಮವಾರ ದಂಗೆ ಏಳಬೇಕಿತ್ತು. ಯಾರೋ ಬಾಯಿ ಬಿಟ್ಟಿದ್ದರು.

ಯಾರೆಂದು ಪತ್ತೆ ಮಾಡಲು ನಾನೇ ಹೊರಟೆ.

*

"ಅಕುಬಾ, ಆ ಬಡಗಿ ಯಾವೊನ ಮೈಮೇಲೆ ನೋಡೇ, ಹೊಸ ಕೋಟು!" ಎಂದಳು ಪಕ್ಕದ ಗುಡಿಸಲಿನ ಮುದುಕಿ.

ಯಾವೊ ಆ ಆರು ಜನರ ಗೆಳೆಯ. ಅವನನ್ನು ಮಾತ್ರ ಸಿಪಾಯಿಗಳು ಮುಟ್ಟಿರಲಿಲ್ಲ. ನನಗೆ ಅಷ್ಟೇ ಸಾಕಾಯಿತು. ಎಲ್ಲರೆದುರು ಅವನ ಮುಖಕ್ಕೆ ಉಗಿದೆ.

"ಒಂದು ಕೋಟಿನ ಆಸೆಗೆ ಆರು ಜೀವ ಮಾರಿದೆಯಲ್ಲೋ!"

ಯಾವೊ ನನ್ನನ್ನು ಕಬ್ಬಿನ ಸಾಲಿನೊಳಗೆ ಎಳೆದೊಯ್ದ.

"ಬಂಡಿ ಚಕ್ರ ಮಾಡಿಕೊಟ್ಟೆ ಅಂತ ಮೇಸ್ತ್ರಿ ಕೊಟ್ಟಿದ್ದು ಕಣೆ. ನಾನೇ ಹೇಳಿದ್ರೆ ಸಕ್ಕರೆ ಮನೆ ಯಾಕೆ ಅಗೀತಿದ್ರು? ಗುರುವಾರವೇ ಕತ್ತಿ ಅಲ್ಲಿಂದ ರೋಗಿಗಳ ಕೊಟ್ಟಿಗೆಗೆ ಸಾಗಿಸಿದ್ವಿ. ಈ ತಲೆ ಮೇಲೇ ಹೊತ್ತೆ. ನಾನು ಸೇರಿದ್ದೂ ಅವತ್ತೇ. ಅದಕ್ಕೇ ನನ್ನ ಹೆಸರು ಅವರ ಹತ್ರ ಇಲ್ಲ. ನಿನ್ನ ಗಂಡ ಹೇಳ್ಲಿಲ್ವಾ?"

ಹೇಳಿರಲಿಲ್ಲ.

ದ್ರೋಹಿಗೆ ಗೊತ್ತಿದ್ದದ್ದು ಬುಧವಾರದವರೆಗಿನ ಸುದ್ದಿ: ಹಳೆಯ ಜಾಗ, ಆರು ಹೆಸರು. ಅಷ್ಟು ಮಾತ್ರ ಗೊತ್ತಿದ್ದವಳು ನಾನು. ನಾನು ಅದನ್ನು ಒಬ್ಬಳಿಗೆ ಹೇಳಿದ್ದೆ.

*

ನನ್ನ ತಂಗಿ ಮಿಂಬಾ ತೋಟದ ದೊರೆಯ ಮಗುವಿಗೆ ಹಾಲೂಡಿಸುವವಳು. ಸೋಮವಾರ ಬಂಗಲೆಯಲ್ಲಿ ಇರಬೇಡ ಎಂದು ಬುಧವಾರ ಎಚ್ಚರಿಸಿದ್ದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಗಂಡನ ದೊಡ್ಡಸ್ತಿಕೆ ಕೊಚ್ಚಿಕೊಳ್ಳಲು ಜಾಗ, ಹೆಸರು ಎಲ್ಲವನ್ನೂ ಒದರಿದ್ದೆ.

"ಮಗೂನ ಪಟ್ಟಣಕ್ಕೆ ಕರ್ಕೊಂಡು ಹೋಗಿ ಅಂದೆ, ಅಷ್ಟೇ ಅಕ್ಕಾ," ಮಿಂಬಾ ಬಿಕ್ಕಿದಳು. "ಯಾಕೆ ಅಂದ್ರು ಅಮ್ಮಾವ್ರು. ಕೇಳ್ತಾನೇ ಇದ್ರು. ನನ್ನ ಹಾಲು ಕುಡಿದ ಕೂಸು ಅದು..."

"ಕ್ವಾಮಿನಾ ನಿನಗೇನೂ ಅಲ್ವಾ?"



*

ಸಂಜೆ ಗುಡಿಸಲುಗಳ ನಡುವೆ ನಿಂತು ಎಲ್ಲವನ್ನೂ ಹೇಳಿದೆ. ಮಿಂಬಾಳ ಹೆಸರು, ನನ್ನ ಹೆಸರು, ಎರಡನ್ನೂ. ಯಾವೊನ ಕಾಲು ಹಿಡಿದೆ. ಯಾರೂ ಬೈಯಲಿಲ್ಲ. ಒಬ್ಬೊಬ್ಬರೇ ಎದ್ದು ಒಳಗೆ ಹೋದರು.

ಆರು ಜನರಿಗೂ ನೇಣು ಎಂದು ತೀರ್ಪಾಯಿತು. ಅದರ ಹಿಂದಿನ ದಿನ ಕ್ವಾಮಿನಾನನ್ನು ನೋಡಲು ಬಿಟ್ಟರು. ಕಂಬಿಯ ಸಂದಿನಿಂದ ಅವನು ನನ್ನ ಬೆರಳು ಹಿಡಿದುಕೊಂಡ.

"ಯಾರಂತೆ ಹೇಳಿದ್ದು?"

ಸುಳ್ಳು ಹೇಳಬಹುದಿತ್ತು. ಇದ್ದದ್ದನ್ನೇ ಹೇಳಿದೆ.

ಅವನು ಮೆಲ್ಲಗೆ ಕೈ ಹಿಂದಕ್ಕೆ ತೆಗೆದುಕೊಂಡ.