ಏನೂ ಕೇಳದ ಊರು

"ಗಾಡಿ ನಿಲ್ಸು!"

ಫೋನಿನಲ್ಲಿ ಅಣ್ಣನ ಕೂಗು. ಹಿಂದಿನ ಗಾಜಿನಲ್ಲಿ ಅಣ್ಣನ ಬಿಳಿ ಕಾರು. ನಡುವೆ ಎರಡೇ ಲಾರಿ.

"ನಿಲ್ಸಲ್ಲ."

"ಅಮ್ಮನ್ನ ಇಳ್ಸು! ನೀನು ಎಲ್ಲಿಗೆ ಬೇಕಾದ್ರೂ ಹಾಳಾಗಿ ಹೋಗು!"

"ಯಾಕೆ? ನಾಲ್ಕು ದಿನ ನಿನ್ನ ಮನೆ ಪಾತ್ರೆ ತೊಳೆಯೋರು ಇರಲ್ಲ ಅಂತಾನಾ?"

ಉತ್ತರಕ್ಕೆ ಕಾಯಲಿಲ್ಲ. ಕಟ್ ಮಾಡಿದೆ.

"ಮೀಸೆ, ಎಡಕ್ಕೆ ತಗೋ!"

ಮೀಸೆ ನನ್ನ ಖಾಯಂ ಟ್ಯಾಕ್ಸಿಯವನು. ಮೀಸೆ ತೆಗೆದು ಹತ್ತು ವರ್ಷವಾಗಿದೆ, ಹೆಸರು ಮಾತ್ರ ಉಳಿದಿದೆ.

"ಮೇಡಂ, ಅದು ಒನ್‌ ವೇ..."

"ಗೊತ್ತು."

"ಎದುರಿಂದ ಬಸ್ ಬರ್ತಿದೆ..."

"ಅದೂ ಗೊತ್ತು. ತಗೋ!"

ತಗೊಂಡ. ಬಸ್ಸಿನ ಹಾರ್ನ್... ಬ್ರೇಕ್... ಯಾರದೋ ಬೈಗುಳ! ಪಕ್ಕದ ಕನ್ನಡಿ ಗೋಡೆಗೆ ಉಜ್ಜಿ ಕಳಚಿ ಬಿತ್ತು. ತಿರುಗಿ ನೋಡಿದೆ. ಬಿಳಿ ಕಾರು ಇಲ್ಲ.

ಅಮ್ಮ ಕೈಚೀಲ ಅವುಚಿಕೊಂಡು ಕೂತಿದ್ದಳು.

"ಪಾಪ, ಅವನು ತಿಂಡಿ ತಿಂದಿದ್ದಾನೋ ಇಲ್ವೋ," ಎಂದಳು.

ನಾನು ಯಾರು ಅಂದಿರಾ? ಬಸ್ ನಿಲ್ದಾಣದ ಎದುರು, ಮೂರನೇ ಮಹಡಿ, ಒಂದೇ ಕೋಣೆ. ಬೋರ್ಡಿನಲ್ಲಿ ಟೂರ್ಸ್ ಅಂಡ್ ಟ್ರಾವೆಲ್ಸ್ ಎಂದಿದೆ. ಬೋರ್ಡಿನಲ್ಲಿ ಇಲ್ಲದ ಕೆಲಸವೇ ಹೆಚ್ಚು. ರಿಜೆಕ್ಟ್ ಆದ ವೀಸಾ... ಕಳೆದುಹೋದ ಪಾಸ್‌ಪೋರ್ಟ್... ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡ ಯಜಮಾನ... ಬೇರೆಯವರು ಕೈಚೆಲ್ಲಿದ ಕೇಸುಗಳು ನನ್ನ ಮೆಟ್ಟಿಲು ಹತ್ತುತ್ತವೆ. ಇಪ್ಪತ್ತೈದು ವರ್ಷ ಇದನ್ನೇ ಮಾಡಿದ್ದೇನೆ. ಎದುರು ಕೂತವರ ಚೀಲ ನೋಡಿದರೆ ಸಾಕು, ಏನು ಮುಚ್ಚಿಡುತ್ತಿದ್ದಾರೆ ಎಂದು ಹೇಳಬಲ್ಲೆ.

ಹಾಗೆಂದು ನಂಬಿದ್ದೆ.

ಅಮ್ಮ ಆ ಮರಳುಗಾಡಿನ ಊರಿನಲ್ಲಿ ಒಂಬತ್ತು ವರ್ಷ ಮನೆಗೆಲಸಕ್ಕಿದ್ದಳು. ದೊಡ್ಡ ಮನೆ, ಎತ್ತರದ ಗೋಡೆ. ಊರು ಅವಳಿಗೆ ಕಾಣುತ್ತಿದ್ದದ್ದು ಬಟ್ಟೆ ಒಣಹಾಕುವ ತಾರಸಿಯಿಂದ ಮಾತ್ರ. ಅಲ್ಲಿಂದ ಒಂದು ಹೋಟೆಲ್ ಕಾಣುತ್ತಿತ್ತಂತೆ, ಗಾಜಿನ ಗೋಪುರದ ಹಾಗೆ. "ನಲವತ್ತೊಂದು ಅಂತಸ್ತು ಕಣೇ. ದಿನಾ ಎಣಿಸ್ತಿದ್ದೆ," ಎನ್ನುತ್ತಿದ್ದಳು.

ಈ ವರ್ಷ ಆ ಊರು ನಮ್ಮವರಿಗೆ ವೀಸಾ ಬೇಕೆಂಬ ನಿಯಮ ತೆಗೆದುಹಾಕಿತು. ಸುದ್ದಿ ಬಂದ ದಿನವೇ ಫೋನ್ ಮಾಡಿದೆ.

"ಅಮ್ಮಾ, ವೀಸಾ ಬೇಡ! ಬ್ಯಾಗ್ ಎತ್ಕೊಂಡು ಹೋಗೋದಷ್ಟೇ!"

ಆ ಕಡೆಯಿಂದ ಸಣ್ಣ ದನಿಯಲ್ಲಿ...

"ಅರ್ಜಿ-ಗಿರ್ಜಿ? ಏನೂ ಕೇಳಲ್ವಾ?"

"ಏನೂ ಕೇಳಲ್ಲ!"

ಮೂರು ತಿಂಗಳು ಕೂತು ಪ್ಲಾನ್ ಮಾಡಿದೆ. ಅದೇ ಹೋಟೆಲ್, ಮೂವತ್ತನೇ ಮಹಡಿ. ಗಂಟೆಗಂಟೆಯ ಲೆಕ್ಕ ಒಂದು ಹಾಳೆಯಲ್ಲಿ. ಮೊದಲ ಸಾಲು ಹೀಗಿತ್ತು: 'ಸಂಜೆ ನಾಲ್ಕಕ್ಕೆ ಈಜುಕೊಳದ ಪಕ್ಕ ಟೀ. ಬೇರೆಯವರು ತಂದುಕೊಡುತ್ತಾರೆ. ಅಮ್ಮ ಏಳಕೂಡದು.'

ಅಣ್ಣ ಮಾತ್ರ ಮೊದಲ ದಿನದಿಂದ ಅಡ್ಡಗಾಲು. "ಬೆಟ್ಟಕ್ಕೆ ಹೋಗಿ, ಸಮುದ್ರಕ್ಕೆ ಹೋಗಿ. ಅಲ್ಲಿಗೆ ಬೇಡ." ಕಾರಣ ಹೇಳಲೊಲ್ಲ. ಅದಕ್ಕೇ ಅವನಿಗೆ ಹೊರಡುವ ದಿನದ ಬದಲು ಮರುದಿನದ ತಾರೀಖು ಹಾಕಿದ ಹಾಳೆ ಕೊಟ್ಟಿದ್ದೆ. ಬೆಳಿಗ್ಗೆ ಅಮ್ಮನ ಹಾಸಿಗೆ ಖಾಲಿ ನೋಡಿ ಎದ್ದುಬಿದ್ದು ಓಡಿಬಂದಿದ್ದ.

ವಿಮಾನ ನಿಲ್ದಾಣದ ಬಾಗಿಲಲ್ಲಿ ಮತ್ತೆ ಸಿಕ್ಕ! ನಾವು ಒಳಗೆ ಕಾಲಿಡುವುದಕ್ಕೂ ಅವನು ಓಡಿ ಬರುವುದಕ್ಕೂ ಸರಿಹೋಯಿತು. ಟಿಕೆಟ್ ಇಲ್ಲದವನನ್ನು ಗಾರ್ಡ್ ತಡೆದ. ಅಣ್ಣ ಗಾಜಿಗೆ ಅಂಗೈ ಬಡಿದ.

"ಅಲ್ಲಿಗೆ ಬೇಡ ಕಣೇ! ನನ್ನ ಮಾತು ಕೇಳೇ!"

ನಾನು ಎರಡು ಬೋರ್ಡಿಂಗ್ ಪಾಸ್ ಎತ್ತಿ ತೋರಿಸಿದೆ. ನಕ್ಕೆ.

ಅಮ್ಮ ನಗಲಿಲ್ಲ. ಅವನ ಕಡೆ ಕೈ ಅಲ್ಲಾಡಿಸಿದಳು, ಚಿಕ್ಕ ಮಗುವನ್ನು ಶಾಲೆಗೆ ಬಿಟ್ಟು ಹೊರಟವಳ ಹಾಗೆ.

ನಾಲ್ಕು ಗಂಟೆಯ ಹಾರಾಟ. ಅಮೃತಶಿಲೆಯ ನೆಲ, ಮುಖ ಕಾಣುವಷ್ಟು ಹೊಳಪು. ಪಾಸ್‌ಪೋರ್ಟ್ ಕೌಂಟರಿನಲ್ಲಿ ನನ್ನ ಮಗಳಾಗುವ ವಯಸ್ಸಿನ ಅಧಿಕಾರಿಣಿ. ನನ್ನದು ಒಂದೇ ನಿಮಿಷ. ಮುಂದೆ ಅಮ್ಮ.

"ಬೆರಳು ಇಡಿ."

ಇಟ್ಟಳು. ಕೆಂಪು ದೀಪ.

"ಇನ್ನೊಮ್ಮೆ."

ಮತ್ತೆ ಕೆಂಪು. ಇನ್ನೊಂದು ಕೈ... ಅದೂ ಕೆಂಪು.

ಬ್ಲೀಚಿನಲ್ಲಿ ಅದ್ದಿ ಅದ್ದಿ ಅಮ್ಮನ ಬೆರಳ ಗೆರೆಗಳು ಸವೆದಿದ್ದವು. ಹಿಂದೆ ಉದ್ದದ ಸಾಲು. ಆ ಹುಡುಗಿ ಅಮ್ಮನ ನರೆತ ತಲೆ ನೋಡಿದಳು, ಮುಗುಳ್ನಕ್ಕಳು, ಮುದ್ರೆ ಕೈಗೆತ್ತಿಕೊಂಡಳು. "ಪರವಾಗಿಲ್ಲ ಅಜ್ಜಿ. ಹೋಗಿ" ಎನ್ನುವ ಹಾಗೆ ಕೈಸನ್ನೆ ಮಾಡಿದಳು.

ಆಗ ನಾನು ಬಾಯಿ ಹಾಕಿದೆ!

"ಒಂದ್ನಿಮಿಷ ಮೇಡಂ. ಈಗ ಸರಿ ಮಾಡ್ತೀನಿ."

ಇದು ನಮ್ಮ ಕಸುಬಿನವರ ಚಟ. ಅರೆಬರೆ ಕಾಗದ ಕಂಡರೆ ಕೈ ತುರಿಸುತ್ತದೆ. ಒಳಬರುವಾಗ ಬೆರಳಚ್ಚು ಬೀಳದಿದ್ದರೆ ಹೊರಡುವಾಗ ತಕರಾರು ಎಂದು ನೂರು ಗಿರಾಕಿಗಳಿಗೆ ಹೇಳಿದ್ದೇನೆ. ಒಣ ಬೆರಳಿಗೆ ಕ್ರೀಮ್ ಹಚ್ಚಿ ಒರೆಸಿದರೆ ಮೆಷಿನ್ ಓದುತ್ತದೆ. ಟ್ಯೂಬ್ ಸದಾ ನನ್ನ ಚೀಲದಲ್ಲಿರುತ್ತದೆ.

ಅಮ್ಮ ಕೈ ಹಿಂದಕ್ಕೆ ಎಳೆದುಕೊಂಡಳು. "ಬಿಡೇ... ಓದದಿದ್ರೆ ಬಿಡು."

"ಸುಮ್ನಿರಮ್ಮ, ನಿಂಗೊತ್ತಾಗಲ್ಲ."

ಒಂದೊಂದೇ ಬೆರಳಿಗೆ ನಾನೇ ಹಚ್ಚಿದೆ. ಒರೆಸಿದೆ. ಹೆಬ್ಬೆರಳು ಹಿಡಿದು ನಾನೇ ಒತ್ತಿದೆ.

ಹಸಿರು!

ಆ ಹುಡುಗಿ ಪರದೆ ನೋಡಿದಳು. ಮುಗುಳ್ನಗೆ ಹೋಯಿತು. ಮುದ್ರೆ ಕೆಳಗಿಟ್ಟಳು.

ಇಬ್ಬರು ಗಾರ್ಡ್‌ಗಳು ಬಂದರು. ನಾನು ಕೂಗಾಡಿದೆ. ಲಾಯರ್ ಎಂದೆ, ಪತ್ರಿಕೆ ಎಂದೆ, ದೊಡ್ಡವರ ಹೆಸರು ಹೇಳಿದೆ. ಒಬ್ಬ ಶಾಂತವಾಗಿ ಹೇಳಿದ, "ಇನ್ನೊಂದು ಮಾತಾಡಿದ್ರೆ ನಿಮ್ಮನ್ನೂ ಬೇರೆ ರೂಮಲ್ಲಿ ಕೂರಿಸ್ತೀವಿ. ಆಕೆ ಒಬ್ರೇ ಆಗ್ತಾರೆ."

ಬಾಯಿ ಮುಚ್ಚಿದೆ.

ಉದ್ದನೆಯ ಕೋಣೆ, ಕಬ್ಬಿಣದ ಕುರ್ಚಿಗಳು. ಆರು ಗಂಟೆ ಕಾದ ಮೇಲೆ ವಾಪಸ್ ವಿಮಾನ. ಜೀವಮಾನದ ನಿಷೇಧವಂತೆ. ಕೆಲಸದ ಮನೆಯಿಂದ ತಪ್ಪಿಸಿಕೊಂಡು ಓಡಿದವಳು ಎಂದು ಹಳೆಯ ಬೆರಳಚ್ಚಿನ ಜೊತೆ ದಾಖಲಾಗಿದೆ.

"ಯಾವಾಗಮ್ಮ?"

ಅಮ್ಮ ಬೆರಳಿನ ಕ್ರೀಮ್ ಸೆರಗಿಗೆ ಒರೆಸಿಕೊಂಡಳು.

"ನಿನ್ನ ಮಗು ಹೋಯ್ತಲ್ಲ... ಆವಾಗ."

ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಮಗು ಹನ್ನೊಂದು ದಿನ ಇತ್ತು.

"ನಿಮ್ಮಣ್ಣ ಫೋನಲ್ಲಿ ಹೇಳ್ದ. ರಜೆ ಕೇಳ್ದೆ, ಕೊಡ್ಲಿಲ್ಲ. ಪಾಸ್‌ಪೋರ್ಟ್ ಅವರ ಹತ್ರ. ಅವತ್ತೇ ಬಟ್ಟೆ ಒಣಹಾಕೋಕೆ ಹೋದವಳು ನೀರಿನ ಪೈಪ್ ಹಿಡ್ಕೊಂಡು ಇಳಿದೆ."

"ಆಮೇಲೆ?"

"ಆ ಹೋಟೆಲ್ ಗುರುತು ಇಟ್ಕೊಂಡು ಏರ್‌ಪೋರ್ಟ್ ಕಡೆ ನಡೆದೆ. ಎರಡು ದಿನ. ಹಿಡಿದ್ರು."

"ಎಷ್ಟು ದಿನ ಒಳಗಿದ್ದೆ?"

"ಮೂವತ್ತೆಂಟು."

ಎರಡು ಸೇರಿಸಿ ನಲವತ್ತು. ಆ ಸಂಖ್ಯೆ ನನಗೆ ಚೆನ್ನಾಗಿ ಗೊತ್ತು. ಮಗು ಹೋದ ನಲವತ್ತನೇ ದಿನ ಅಮ್ಮ ನನ್ನ ಬಾಗಿಲಲ್ಲಿ ನಿಂತಿದ್ದಳು. "ರಜೆ ತಡವಾಗಿ ಸಿಕ್ತು," ಎಂದಿದ್ದಳು. "ಈಗ ಬಂದ್ಯಾ? ಎಲ್ಲಾ ಮುಗಿದ ಮೇಲೆ?" ಎಂದಿದ್ದೆ ನಾನು. ಆ ಊರಿನಿಂದ ಎಲ್ಲರೂ ಸೂಟ್‌ಕೇಸ್ ತುಂಬಿಕೊಂಡು ಬರುತ್ತಾರೆ. ಅಮ್ಮನ ಕೈಯಲ್ಲಿ ಇದ್ದದ್ದು ಒಂದು ಪ್ಲಾಸ್ಟಿಕ್ ಕವರ್. ಬೇರೆ ಯಾರೇ ಆಗಿದ್ದರೂ ಆ ಕವರ್ ನೋಡಿ ಎರಡೇ ನಿಮಿಷದಲ್ಲಿ ಹೇಳುತ್ತಿದ್ದೆ, ಇವಳು ಲಾಕಪ್ಪಿನಿಂದ ಬಂದವಳು ಎಂದು.

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿನ್ನ ದುಃಖ ಬಿಟ್ಟು ನನ್ನದನ್ನ ಅಳ್ತಿದ್ದೆ. ಅಣ್ಣನ ಹತ್ರಾನೂ ಆಣೆ ಹಾಕಿಸ್ಕೊಂಡಿದ್ದೆ."

"ಮತ್ತೆ ಈಗ್ಯಾಕಮ್ಮ ಹೊರಟೆ?"

"ನೀನು ಅಷ್ಟು ಆಸೆಯಿಂದ ಪ್ಲಾನ್ ಮಾಡ್ತಿದ್ದೆ. ಪಾಸ್‌ಪೋರ್ಟ್ ಹೊಸದು, ಬೆರಳಂತೂ ಸವೆದುಹೋಗಿದಾವೆ, ಯಾರಿಗೆ ಗೊತ್ತಾಗತ್ತೆ ಅಂದ್ಕೊಂಡೆ."

ನನ್ನ ಚೀಲದಲ್ಲಿ ಕ್ರೀಮ್ ಟ್ಯೂಬು. ಅದನ್ನು ಎಲ್ಲಿ ಬಿಸಾಡಬೇಕೋ ತಿಳಿಯಲಿಲ್ಲ.

ಕೋಣೆಗೆ ಒಂದೇ ಕಿಟಕಿ. ದೂರದಲ್ಲಿ ಬಿಸಿಲಿಗೆ ಹೊಳೆಯುವ ಗಾಜಿನ ಗೋಪುರ. ಅಮ್ಮ ಕಣ್ಣು ಕಿರಿದು ಮಾಡಿ ತುಟಿ ಅಲ್ಲಾಡಿಸುತ್ತಿದ್ದಳು. ಎಣಿಸುತ್ತಿದ್ದಳು.

"ಗಂಟೆ ಎಷ್ಟೇ?"

"ನಾಲ್ಕು."

"ಟೀ ಕುಡಿಯೋ ಹೊತ್ತಲ್ವಾ?"

ಮೂಲೆಯ ಮೆಷಿನ್ನಿನಿಂದ ಎರಡು ಪೇಪರ್ ಕಪ್ ತಂದೆ. ಅಭ್ಯಾಸಬಲದಿಂದ ಅಮ್ಮ ಏಳಹೋದಳು. ಭುಜ ಹಿಡಿದು ಕೂರಿಸಿದೆ. ಪ್ಲಾನಿನಲ್ಲಿ ಅಷ್ಟಾದರೂ ಆಗಲಿ ಎಂದು.

ವಾಪಸ್ ಬಂದಾಗ ಅಣ್ಣ ಅದೇ ಗಾಜಿನ ಹೊರಗೆ ನಿಂತಿದ್ದ. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ತಿಂಡಿ ತಿಂದ್ಯೇನೋ?" ಎಂದು ಅಮ್ಮ ಅವನನ್ನು ಕೇಳಿದಳು.

ವೀಸಾ ಅರ್ಜಿಯಲ್ಲಿ ಒಂದು ಪ್ರಶ್ನೆ ಇರುತ್ತದೆ: ನಿಮ್ಮನ್ನು ಯಾವುದಾದರೂ ದೇಶದಿಂದ ಹೊರಹಾಕಿದ್ದುಂಟೇ? ಇಪ್ಪತ್ತೈದು ವರ್ಷ ಸಾವಿರಾರು ಜನರಿಗೆ ಕೇಳಿದ್ದೇನೆ. ವೀಸಾ ಬೇಡದ ಊರಿಗೆ ಅರ್ಜಿಯೇ ಇಲ್ಲ. ನಾನೂ ಕೇಳಲಿಲ್ಲ.

ಈಗ ನನ್ನ ಆಫೀಸಿನಲ್ಲಿ ಅಂಥ ಊರಿಗೂ ಒಂದು ಫಾರ್ಮ್ ಇದೆ. ನಾನೇ ಬರೆದದ್ದು. ಹನ್ನೆರಡು ಪ್ರಶ್ನೆ. ಗಿರಾಕಿಗಳು ಹತ್ತು ನಿಮಿಷದಲ್ಲಿ ತುಂಬಿ ಎದ್ದುಹೋಗುತ್ತಾರೆ.

ಪ್ರತಿ ಭಾನುವಾರ ಅದೇ ಫಾರ್ಮ್ ಹಿಡಿದು ಅಮ್ಮನ ಎದುರು ಕೂತು, ಅವಳು ಹೇಳುವುದನ್ನು ಕೇಳುತ್ತೇನೆ. ಐದು ತಿಂಗಳಾಯಿತು... ಇನ್ನೂ ಮೂರನೇ ಪ್ರಶ್ನೆಯಲ್ಲೇ ಇದ್ದೇವೆ.