ಜಾಲರಿಯ ಮೇಲಿನ ಮುಟ್ಟಾಳೆ

ಆಂಟಣಿ ಮೊದಲ ಸಲ ಬಂದಾಗ ನಾನು ನೋಡಿದ್ದು ಅವರ ಬೆನ್ನನ್ನು ಮಾತ್ರ. ನಮ್ಮ ವ್ಯಾನಿನ ಏಸಿಯ ಮುಚ್ಚಳ ಬಿಚ್ಚಿ, ತಲೆ ಒಳಗೆ ತೂರಿಸಿ, ಯಾರಿಗೋ ಸಮಾಧಾನ ಹೇಳುವವರ ಹಾಗೆ ಮೆಲ್ಲಗೆ ಮಾತಾಡುತ್ತಿದ್ದರು.

"ಎಂತ ಆಯ್ತು ನಿಂಗೆ? ಇಷ್ಟು ಐಸ್ ಯಾಕೆ?"

ಯಂತ್ರದ ಹತ್ತಿರ ಅಷ್ಟು ಮೆತ್ತಗೆ ಮಾತಾಡುವ ಗಂಡಸನ್ನು ನಾನು ಕಂಡಿರಲಿಲ್ಲ. ಅಂದು ಸಂಜೆ ಡೈರಿಯಲ್ಲಿ ಬರೆದದ್ದು ಅದೊಂದೇ ಸಾಲು.

ಅದು ಎಂಬತ್ತಮೂರರ ಬೇಸಿಗೆ. ಜರ್ಮನಿಯವರು ಯಾರೋ ರಜೆಯಲ್ಲಿ ಊರು ಸುತ್ತಲು ಇಟ್ಟುಕೊಂಡಿದ್ದ ಗಾಡಿ ಪುತ್ತೂರಿನ ನಮ್ಮ ಕಣ್ಣಿನ ಆಸ್ಪತ್ರೆಗೆ ದಾನವಾಗಿ ಬಂದಿತ್ತು. ಒಳಗೆ ಮಂಚ, ಒಲೆ, ಪಾತ್ರೆ ತೊಳೆಯುವ ಜಾಗ, ಬಾಗಿಲ ಪಕ್ಕದ ಗೋಡೆಯಲ್ಲಿ ಏಸಿ. ಊರವರಿಗೆ ಅದು 'ಮನೆಬಸ್ಸು'. ಒಂದು ದಿನ ಬೆಳ್ಳಾರೆ, ಒಂದು ದಿನ ಸುಳ್ಯ, ಒಂದು ದಿನ ಕಡಬ. ಡಾಕ್ಟರ್ ಊರ್ಮಿಳಾ ಕಣ್ಣು ನೋಡುವುದು, ತ್ಯಾಂಪಣ್ಣ ಗಾಡಿ ಓಡಿಸುವುದು, ಬಿಎಸ್ಸಿ ಮುಗಿಸಿ ಇಚಿಲಂಪಾಡಿಯ ಮನೆಯಲ್ಲಿದ್ದ ನಾನು, ಅಂದರೆ ಲಾಲಿ, ರೋಗಿಗಳ ಹೆಸರು ಬರೆಯುವುದು.

ಕಣ್ಣು ನೋಡಲು ಕತ್ತಲೆ ಬೇಕು. ಪರದೆ ಎಳೆದು ಬಾಗಿಲು ಹಾಕಿದರೆ ಏಸಿ ಇಲ್ಲದೆ ಮುದುಕರಿಗೆ ತಲೆ ತಿರುಗುತ್ತಿತ್ತು. ಆ ಏಸಿಯೋ, ಒಂದು ಗಂಟೆ ಓಡಿ ಮೈಯೆಲ್ಲ ಐಸಾಗಿ, ಗಾಳಿ ನಿಲ್ಲಿಸಿ ಕೂರುತ್ತಿತ್ತು.

ಆಂಟಣಿ ತಲೆ ಹೊರಗೆ ತೆಗೆದರು. ಕೂದಲಲ್ಲಿ ಐಸಿನ ಚೂರುಗಳಿದ್ದವು. ಹೇಳಲೋ ಬೇಡವೋ ಎಂದು ನಾನು ಯೋಚಿಸುವಷ್ಟರಲ್ಲಿ ಅವು ಕರಗಿ ಹಣೆಗಿಳಿದವು.

"ಎಲ್ಲ ಸರಿ ಉಂಟಲ್ಲ. ಮತ್ತೆ ಯಾಕೆ ಹೀಗೆ?" ಎನ್ನುತ್ತಾ ಏಸಿ ಶುರು ಮಾಡಿ ಕಾದು ಕುಳಿತರು.

ಆಗ ಬಿಸಿಲಿಂದ ಬಂದ ತ್ಯಾಂಪಣ್ಣ, ದಿನಾ ಮಾಡುವಂತೆಯೇ, ತಲೆಯ ಮೇಲಿನ ಅಡಿಕೆ ಹಾಳೆಯ ಟೋಪಿ, ಮುಟ್ಟಾಳೆ, ತೆಗೆದು ಏಸಿಯ ದುಂಡು ಜಾಲರಿಯ ಗುಬುಟಿಗೆ ಸಿಕ್ಕಿಸಿದರು. ಗಾಳಿ ಒಳಗೆ ಎಳೆಯುವ ಜಾಗ ಅದು. ಮುಟ್ಟಾಳೆ ಟಪ್ಪೆಂದು ಅಂಟಿಕೊಂಡಿತು, ಅಳತೆ ತೆಗೆದು ಹೊಲಿದ ಹಾಗೆ.

ಆಂಟಣಿ ಅದನ್ನೇ ನೋಡಿದರು. "ತ್ಯಾಂಪಣ್ಣ, ಇದನ್ನು ದಿನಾ ಇಲ್ಲೇ ಇಡುದಾ?"

"ಮತ್ತೆಂತ ಮಾರಾಯ್ರೆ? ತಲೆಗೆ ಹಾಕುವಾಗ ತಂಪು ತಂಪು!"

ಆಂಟಣಿ ನಕ್ಕರು. ನಾನೂ ನಕ್ಕೆ. ಅವರು ನನ್ನ ಕಡೆ ತಿರುಗಿದ್ದು ಆಗಲೇ.

"ನೋಡಿ ಮೇಡಂ, ಹೊರಗಿನ ಬೆಚ್ಚನೆ ಗಾಳಿ ಇದರ ಮೈಗೆ ತಾಗ್ತಾ ಇರ್ಬೇಕು. ಇಲ್ಲದಿದ್ರೆ ತನ್ನ ತಂಪಿಗೆ ತಾನೇ ಹೆಪ್ಪುಗಟ್ಟುದು. ಒಳಗೆ ಕೆಟ್ಟದ್ದು ಏನೂ ಇಲ್ಲ."

ಮುಟ್ಟಾಳೆಗೆಂದು ಬಾಗಿಲ ಹಿಂದೆ ಮೊಳೆ ಹೊಡೆದುಕೊಟ್ಟು ಪುತ್ತೂರಿನ ಬಸ್ಸು ಹತ್ತಿದರು.

ಎರಡು ವಾರ ಏಸಿ ಚೆನ್ನಾಗಿ ಓಡಿತು. ಬೇಸರವಾಗುವಷ್ಟು ಚೆನ್ನಾಗಿ.

ಮೂರನೇ ವಾರ ಬೆಳ್ಳಾರೆಯಲ್ಲಿ ಡಾಕ್ಟರ್ ಮತ್ತು ತ್ಯಾಂಪಣ್ಣ ಊಟಕ್ಕೆ ಹೋದಾಗ, ನಾನು ಮೊಳೆಯಿಂದ ಮುಟ್ಟಾಳೆ ತೆಗೆದೆ. ಟಪ್ಪೆಂದು ಅದು ಜಾಲರಿಗೆ ಅಂಟಿಕೊಂಡಿತು. ಐಸ್ ಕಟ್ಟಿದ ಮೇಲೆ ಮೊಳೆಗೇ ವಾಪಸು ಸಿಕ್ಕಿಸಿದೆ.

ಮರುದಿನವೇ ಆಂಟಣಿ ಬಂದರು. ಫಿಲ್ಟರ್ ತೊಳೆದರು, ಫ್ಯಾನಿಗೆ ಎಣ್ಣೆ ಬಿಟ್ಟರು. ನಾನು ಚಹಾ ಕೊಟ್ಟೆ. ಲೋಟ ತೆಗೆದುಕೊಳ್ಳುವಾಗ ನನ್ನ ಕೈಯ ಶಾಯಿಯ ಕಲೆ ನೋಡಿ, "ಅಷ್ಟು ಎಂತ ಬರೀತೀರಿ ಮೇಡಂ?" ಎಂದರು.

"ರೋಗಿಗಳ ಹೆಸರು."

"ಆದಿತ್ಯವಾರವೂ?"

ಕಳೆದ ಆದಿತ್ಯವಾರ ಚರ್ಚಿನ ಮೆಟ್ಟಿಲಲ್ಲಿ ನಾನು ಡೈರಿ ಹಿಡಿದು ಕುಳಿತದ್ದನ್ನು ಅವರು ನೋಡಿದ್ದರು! ನಾನು ಲೋಟ ವಾಪಸು ಕೇಳುವುದನ್ನೂ ಮರೆತು ಒಳಗೆ ಓಡಿದೆ.

ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಹತ್ತು ದಿನ ಕಳೆದು ಕೋಡಿಂಬಾಳದ ಕ್ಯಾಂಪಿನಲ್ಲಿ ಏಸಿ ಮತ್ತೆ ಹೆಪ್ಪುಗಟ್ಟಿತು.

ಈ ಸಲ ಆಂಟಣಿ ಬಂದಾಗ ನಿದ್ದೆಗೆಟ್ಟು ಅವರ ಕಣ್ಣು ಕೆಂಪಾಗಿತ್ತು. ಗ್ಯಾಸಿನ ಒತ್ತಡ ಅಳೆದರು, ಪೈಪಿನ ಸಂದುಗಳಿಗೆಲ್ಲ ಸೋಪಿನ ನೊರೆ ಹಚ್ಚಿ ಗುಳ್ಳೆ ಬರುತ್ತದೆಯೇ ಎಂದು ನೋಡಿದರು. ಒಂದು ಗುಳ್ಳೆಯೂ ಇಲ್ಲ. ಹೊರಗೆ ಸಾಲು ನಿಂತವರೆಲ್ಲ ಬಾಗಿಲಲ್ಲಿ ಇಣುಕುತ್ತಿದ್ದರು.

ಡಾಕ್ಟರ್ ಊರ್ಮಿಳಾ ಕನ್ನಡಕ ತೆಗೆದರು. "ಆಂಟಣಿ, ಇದು ಮೂರನೇ ಸಲ. ನಾಳೆ ಮಂಗಳೂರಿನವರನ್ನು ಕರೆಸ್ತೇನೆ. ಆಸ್ಪತ್ರೆಯ ಕೋಲ್ಡ್ ರೂಮಿನ ಕೆಲಸವೂ ಅವರಿಗೇ ಇರ್ಲಿ. ಬೇಜಾರು ಮಾಡ್ಬೇಡಿ."

ಆ ಕೆಲಸವನ್ನು ನಂಬಿಯೇ ಅವರು ಪುತ್ತೂರಿನಲ್ಲಿ ಅಂಗಡಿ ಹಾಕಿದ್ದು. ಅದು ನನಗೆ ಗೊತ್ತಿತ್ತು.

ಆಂಟಣಿ ವಾದ ಮಾಡಲಿಲ್ಲ. "ನಂಗೆ ಗೊತ್ತಾಗ್ಲಿಲ್ಲ ಡಾಕ್ಟ್ರೇ. ನಂದೇ ತಪ್ಪು" ಎಂದು ಸ್ಪ್ಯಾನರ್‌ಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕತೊಡಗಿದರು.

ನನಗೆ ಮಾತು ಬರುವುದಿಲ್ಲ. ಶಾಲೆಯಲ್ಲೂ ಬರುತ್ತಿರಲಿಲ್ಲ. ಎದ್ದು ಹೋಗಿ ಬಾಗಿಲ ಹಿಂದಿನ ಮುಟ್ಟಾಳೆ ತೆಗೆದೆ. ಏಸಿ ಶುರು ಮಾಡಿ, ಎಲ್ಲರೂ ನೋಡುತ್ತಿರುವಾಗಲೇ ಅದನ್ನು ಜಾಲರಿಯ ಮೇಲಿಟ್ಟೆ. ಟಪ್.

"ನಾನೇ" ಎಂದೆ. "ಆಮೇಲಿನ ಎರಡು ಸಲವೂ."

ಡಾಕ್ಟರ್ ಬೆರಗಾದರು. "ನೀನಾ? ಎಂತಕ್ಕೆ ಲಾಲಿ?"

ನಾನು ಮುಟ್ಟಾಳೆ ಕಿತ್ತು ಮೊಳೆಗೆ ಸಿಕ್ಕಿಸಿದೆ. ಬಾಗಿಲಿಂದ ತ್ಯಾಂಪಣ್ಣನ ಸ್ವರ ಬಂತು. "ಎಂತಕ್ಕೆ ಅಂತ ಕೇಳುದಾ? ಊರವರ ಕಣ್ಣೆಲ್ಲ ನೋಡ್ತೀರಿ, ಇದು ಕಾಣುದಿಲ್ವಾ ಡಾಕ್ಟ್ರೇ?"

ಸಾಲಿನಲ್ಲಿದ್ದ ಮುದುಕಿಯರು ಬಾಯಿಗೆ ಸೆರಗು ಹಿಡಿದು ನಕ್ಕರು. ಡಾಕ್ಟರ್ ನನ್ನನ್ನು ನೋಡಿದರು, ಆಂಟಣಿಯನ್ನು ನೋಡಿದರು, ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ನೋಡಿದರು. "ಇಡೀ ದಿನದ ಕ್ಯಾಂಪು ಹಾಳು ಮಾಡಿದ್ದಿ. ಇವತ್ತು ಕೊನೆಯ ರೋಗಿ ಹೋಗುವವರೆಗೆ ಬೀಸಣಿಗೆ ನಿನ್ನ ಕೈಯಲ್ಲಿ" ಎಂದರು. ಆಮೇಲೆ ತಿರುಗದೆಯೇ, "ಆಂಟಣಿ, ಸೋಮವಾರ ಕೋಲ್ಡ್ ರೂಮಿನ ಅಳತೆಗೆ ಬನ್ನಿ."

ಮಧ್ಯಾಹ್ನ ಊಟದ ಬಿಡುವಿಗೆ ಬೀಸಣಿಗೆ ಇಟ್ಟು ಹೊರಬಂದೆ. ಐಸ್ ಕರಗಿ ವ್ಯಾನಿನ ಕೆಳಗೆ ತೊಟ್ಟಿಕ್ಕುತ್ತಿತ್ತು. ನೆರಳಲ್ಲಿ ಆಂಟಣಿ ನಿಂತಿದ್ದರು. ಅವರ ಮುಖದಲ್ಲಿ ನಗು ಇರಲಿಲ್ಲ.

"ನಂಗೆ ಕೆಲಸವೇ ಬರುದಿಲ್ಲ ಅಂತ ಎಣಿಸಿದ್ದೆ. ಅಂಗಡಿ ಮುಚ್ಚುವ ಅಂತಲೂ ಆಲೋಚನೆ ಮಾಡಿದೆ."

"ಕ್ಷಮಿಸಿ." ಕಣ್ಣು ತುಂಬಿತು. "ಕರೆಯುವುದು ಹೇಗೆ ಅಂತ ಗೊತ್ತಾಗಲಿಲ್ಲ."

ಅವರು ತೊಟ್ಟಿಕ್ಕುವ ಹನಿಗಳಿಗೆ ಕೈಯೊಡ್ಡಿ ಮುಖ ಒರೆಸಿಕೊಂಡರು.

"ಒಂದು ಕಾರ್ಡ್ ಹಾಕಿದ್ರೆ ಸಾಕಿತ್ತು. ಅಷ್ಟು ಬರೀತೀರಲ್ಲ."

ತಲೆ ಎತ್ತಿದೆ. ಈಗ ಅವರ ಕಣ್ಣಂಚು ಸ್ವಲ್ಪ ಸಡಿಲವಾಗಿತ್ತು.

"ಲಾಲಿ." ಮೇಡಂ ಅಲ್ಲ. ಏಸಿಯ ಹತ್ತಿರ ಮಾತಾಡಿದ್ದರಲ್ಲ, ಅದೇ ಮೆತ್ತನೆಯ ಸ್ವರ. "ಈ ಆದಿತ್ಯವಾರ ಪೂಜೆ ಮುಗಿಸಿ ಇಚಿಲಂಪಾಡಿಗೆ ಬಂದ್ರೆ ನಿಮ್ಮ ಅಪ್ಪಚ್ಚನ್ ಮನೆಯಲ್ಲಿ ಇರ್ತಾರಾ?"

ಅಪ್ಪ ಇರುತ್ತಾರೆ ಎಂದು ತಲೆಯಾಡಿಸಿದೆ.

"ನಿಮ್ಮಲ್ಲಿ ಫ್ರಿಜ್ ಉಂಟಾ?"

"ಇಲ್ಲ. ಯಾಕೆ?"

"ಒಳ್ಳೇದಾಯ್ತು." ಚೀಲ ಹೆಗಲಿಗೇರಿಸಿದರು. "ರಿಪೇರಿಗೆ ಬಂದದ್ದು ಅಂತ ಯಾರೂ ಹೇಳ್ಲಿಕ್ಕಿಲ್ಲ."