ಅವನು ಕೇಳಬೇಕಾಗಿದ್ದು ಬೇರೆ

"ನಿಲ್ಸಿ! ಆ ಸೂಜಿ ಮೊದ್ಲು ಕೆಳಗಿಡಿ!"

ಶಾಲೆಯ ಬಾಗಿಲಲ್ಲಿ ಗುಡುಗಿದ ದನಿಗೆ ಸಾಲಾಗಿ ನಿಂತಿದ್ದ ಹುಡುಗಿಯರೆಲ್ಲ ಒಮ್ಮೆಲೇ ತಿರುಗಿದರು. ಕೇತಕಿಯ ಕೈಯಲ್ಲಿದ್ದ ಸಿರಿಂಜು ಅಲ್ಲೇ ನಿಂತಿತು.

ಬಂದವನ ಮೈಯೆಲ್ಲ ಸೌದೆ ಹೊಗೆಯ ವಾಸನೆ. ಅಂಗಿಯ ಮೇಲೆ ಒಣಗಿದ ಹಾಲಿನ ಕಲೆ. ಉರಿಯುತ್ತಿದ್ದ ಒಲೆಯನ್ನು ಬಿಟ್ಟು ಓಡಿ ಬಂದವನಂತೆ ಏದುಸಿರು ಬಿಡುತ್ತಿದ್ದ. ನೇರವಾಗಿ ಬಂದವನು ಕುರ್ಚಿಯಲ್ಲಿ ಕೂತಿದ್ದ ಹದಿಮೂರರ ಸಯಿಗೆ ಅಡ್ಡಲಾಗಿ ನಿಂತ.

"ಏನಿದೆ ಇದರಲ್ಲಿ?"

"ಲಸಿಕೆ."

"ಅದು ಗೊತ್ತು. ಯಾವ ಲಸಿಕೆ?"

ಕೇತಕಿ ಸಿರಿಂಜನ್ನು ತಟ್ಟೆಯಲ್ಲಿಟ್ಟಳು. ಸುಳ್ಳು ಹೇಳುವ ಹಾಗಿಲ್ಲ.

"ನನಗೂ ಗೊತ್ತಿಲ್ಲ."

ಹುಡುಗಿಯರ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವನ ಕಣ್ಣು ಕೆಂಪಾಯಿತು.

"ಗೊತ್ತಿಲ್ವಾ? ಗೊತ್ತಿಲ್ದೇ ಇರೋದನ್ನ ನಮ್ಮ ಮಗು ಮೈಗೆ ಚುಚ್ತೀರಾ ಸಿಸ್ಟರ್?"

"ಮೊದ್ಲು ಕೂತ್ಕೊಳ್ಳಿ, ಹೇಳ್ತೀನಿ," ಎಂದಳು ಕೇತಕಿ. "ಇದು ಸಂಶೋಧನೆ. ಅರ್ಧ ಹುಡುಗಿಯರಿಗೆ ಗರ್ಭಕೊರಳಿನ ಕ್ಯಾನ್ಸರ್ ಬಾರದ ಹಾಗೆ ತಡೆಯೋ ಲಸಿಕೆ. ಇನ್ನರ್ಧ ಹುಡುಗಿಯರಿಗೆ ಕಾಮಾಲೆ ತಡೆಯೋದು. ಎರಡೂ ಒಳ್ಳೇವೇ. ಯಾರಿಗೆ ಯಾವುದು ಅಂತ ನಮಗೆ ಗೊತ್ತಾದ್ರೆ ನಮ್ಮ ಮನಸ್ಸು ಒಂದು ಕಡೆ ವಾಲುತ್ತೆ, ಫಲಿತಾಂಶ ಕೆಡುತ್ತೆ. ಅದಕ್ಕೇ ಮುಚ್ಚಿಟ್ಟಿರ್ತಾರೆ. ಕೊನೆಗೆ, ಕ್ಯಾನ್ಸರ್ ಲಸಿಕೆ ಸಿಗದೇ ಇದ್ದವರಿಗೂ ಅದನ್ನ ಕೊಟ್ಟೇ ಕೊಡ್ತೀವಿ. ಇವಳ ಅಜ್ಜಿ ಎಲ್ಲ ಕೇಳಿಸ್ಕೊಂಡೇ ಒಪ್ಪಿಗೆ ಕೊಟ್ಟಿದ್ದಾರೆ. ನಿಮಗೆ ಬೇಡ ಅನ್ನಿಸಿದ್ರೆ ಈಗ್ಲೇ ಕರ್ಕೊಂಡು ಹೋಗಿ. ಯಾರೂ ಏನೂ ಅನ್ನಲ್ಲ."

ಸಯಿ ಮಾವನ ಅಂಗಿ ಜಗ್ಗಿದಳು. "ಮಾಮಾ, ನಾನು ಹಾಕಿಸ್ಕೋತೀನಿ. ನೀನು ಹೋಗು, ಅಲ್ಲಿ ಖವಾ ತಳ ಹಿಡೀತಿರುತ್ತೆ!"

ಈ ಸಲ ಎಲ್ಲರೂ ನಕ್ಕರು. ಅವನೊಬ್ಬ ನಗಲಿಲ್ಲ. ಸಯಿಯ ತಲೆಯ ಮೇಲೆ ಕೈಯಿಟ್ಟು ಗೋಡೆ ನೋಡುತ್ತ ನಿಂತ.

"ಇವಳ ಅಮ್ಮ... ನನ್ನ ಅಕ್ಕ... ಅದೇ ರೋಗದಲ್ಲಿ ಹೋದ್ಲು."

ಕೇತಕಿ ಇನ್ನೊಂದು ಕುರ್ಚಿಯನ್ನು ಅವನ ಕಡೆ ಸರಿಸಿದಳು.

"ಕೊಡಿ ಸಿಸ್ಟರ್," ಎಂದ ಅವನು. ಸೂಜಿ ಚುಚ್ಚುವಾಗ ಸಯಿ ಮಿಸುಕಲಿಲ್ಲ. ಕಣ್ಣು ಮುಚ್ಚಿಕೊಂಡವನು ಅವನೇ!

ಅವನ ಹೆಸರು ಉದ್ಧವ ತೌರ್. ಬಾಲಾಘಾಟ ಗುಡ್ಡದ ಮೇಲಿನ ಪಿಂಪಳದರಾದಲ್ಲಿ ಖವಾ ಭಟ್ಟಿ ನಡೆಸುತ್ತಿದ್ದ. ದೊಡ್ಡ ಬಾಣಲೆಗಳಲ್ಲಿ ಎಮ್ಮೆ ಹಾಲು ಕಾಯಿಸಿ, ಕಾಯಿಸಿ, ಗಟ್ಟಿ ಖವಾ ಮಾಡಿ ಪೇಢೆಯವರಿಗೆ ಕಳಿಸುವ ಕೆಲಸ. ಅಕ್ಕ ಸತ್ತ ಮೇಲೆ ಭಾವ ಪುಣೆಯಲ್ಲಿ ಬೇರೆ ಸಂಸಾರ ಹೂಡಿದ್ದ. ಸಯಿ ಇಲ್ಲಿ ಅಜ್ಜಿ, ಮಾವನ ಜೊತೆ ಉಳಿದಳು. ವಯಸ್ಸು ಮೂವತ್ಮೂರಾದರೂ ಉದ್ಧವನಿಗೆ ಮದುವೆಯಾಗಿರಲಿಲ್ಲ.

ಇಷ್ಟನ್ನೂ ಕೇತಕಿಗೆ ಹೇಳಿದ್ದು ಭೀಮಾಬಾಯಿ. ಚಿಕ್ಕಮ್ಮನೆಂಬ ಅರ್ಥದಲ್ಲಿ ಎಲ್ಲರೂ ಅವಳನ್ನು ಮಾವಶಿ ಎನ್ನುತ್ತಿದ್ದರು. ಲಸಿಕೆಯ ತಂಪು ಡಬ್ಬಿ ಹೊತ್ತು ಕೇತಕಿಯ ಜೊತೆ ಹಳ್ಳಿ ಹಳ್ಳಿ ಸುತ್ತುವ ಹೆಂಗಸು. ಕೇಳದೇ ಇದ್ದದ್ದನ್ನೂ ಹೇಳುವ ಬಾಯಿ.

"ನಾನೇನು ಕೇಳಿದ್ನಾ ಮಾವಶಿ?"

"ಬಾಯಿಂದ ಕೇಳ್ಲಿಲ್ಲ ಬಿಡು."

ತಿಂಗಳಿಗೊಮ್ಮೆ ತಮ್ಮ ಊರು ಕಳಂಬದಿಂದ ಬಸ್ಸು ಹತ್ತಿ ಅವರು ಪಿಂಪಳದರಾಕ್ಕೆ ಬರುತ್ತಿದ್ದರು. ಹುಡುಗಿಯರ ಆರೋಗ್ಯ ವಿಚಾರಿಸಬೇಕು, ಕೆಲವೊಮ್ಮೆ ರಕ್ತ ತೆಗೆಯಬೇಕು. ಮುಟ್ಟು, ರಕ್ತಹೀನತೆ ಅಂತ ಹೆತ್ತವರು ಬಾಯಿ ಬಿಡದ ವಿಷಯಗಳನ್ನೆಲ್ಲ ಕೇತಕಿ ಹುಡುಗಿಯರ ಮುಂದೆ ಸಲೀಸಾಗಿ ಮಾತಾಡುತ್ತಿದ್ದಳು. ಅದೇ ಕಾರಣಕ್ಕೆ ಅವಳಿಗೆ ಬಂದ ಎರಡು ಸಂಬಂಧ ಮುರಿದಿದ್ದವು. 'ಊರೂರು ತಿರುಗಿ ಇಂಥದ್ದು ಮಾತಾಡೋಳು ನಮಗೆ ಬೇಡ' ಅಂದಿದ್ದರಂತೆ. ಹೆತ್ತ ಆಯಿ ಅತ್ತಿದ್ದಳು. ಕೇತಕಿ ಅತ್ತಿರಲಿಲ್ಲ.

ಬಸ್ಸಿಳಿದರೆ ಶಾಲೆಗೆ ಗುಡ್ಡದ ದಾರಿ. ಮೊದಮೊದಲು ಉದ್ಧವ ಆಕಸ್ಮಿಕವಾಗಿ ಸಿಗುತ್ತಿದ್ದ. "ಇದೇ ಕಡೆ ಹೊರಟಿದ್ದೆ, ಡಬ್ಬಿ ಕೊಡಿ." ಆಮೇಲೆ ಪ್ರತಿ ತಿಂಗಳೂ ಆಕಸ್ಮಿಕವಾಗಿಯೇ ಸಿಗತೊಡಗಿದ! ಮಾವಶಿ ಮೊಣಕಾಲು ನೋವೆಂದು ಎತ್ತಿನ ಗಾಡಿ ಹತ್ತುವಳು. ಕೇತಕಿ ಅವನ ಮೋಟಾರ್‌ಸೈಕಲ್ಲಿನ ಹಿಂದೆ.

ಒಂದು ದಿನ ಅವನು ದಾರಿಯ ನಡುವೆ ಗಾಡಿ ನಿಲ್ಲಿಸಿದ. ಇಳಿದ. ಹೊಲದಲ್ಲಿ ಮೇಯುತ್ತಿದ್ದ ಎಮ್ಮೆಯನ್ನು ನೋಡುತ್ತ, "ಸಿಸ್ಟರ್... ಸಯಿಗೆ... ಅದು... ನಿನ್ನೆಯಿಂದ..." ಎಂದ. ಕಿವಿಯೆಲ್ಲ ಕೆಂಪು. "ನಮ್ಮ ಆಯಿ ಹಳೇ ಬಟ್ಟೆ ಹರಿದುಕೊಟ್ಲು. ಹುಡುಗಿ ಶಾಲೆಗೆ ಹೋಗಲ್ಲ ಅಂತ ಅಳ್ತಿದ್ದಾಳೆ. ಅಂಗಡೀಲಿ ಏನಂತ ಕೇಳ್ಬೇಕು?"

ಕೇತಕಿ ನಗು ತಡೆದು ಹೇಳಿದಳು. ಅವನು ಪಾಠ ಒಪ್ಪಿಸುವವನಂತೆ ಎರಡು ಸಲ ಬಾಯಲ್ಲಿ ಹೇಳಿಕೊಂಡ. ನಂತರ ಮೆಲ್ಲಗೆ, "ಅಕ್ಕ ಇದ್ದಿದ್ರೆ ಇದೆಲ್ಲ..." ಎಂದು ನಿಲ್ಲಿಸಿದ.

"ನೀವಿದ್ದೀರಲ್ಲ," ಎಂದಳು ಕೇತಕಿ.

ಮುಂದಿನ ತಿಂಗಳು ಅವನು ಅವಳನ್ನು ಸಿಸ್ಟರ್ ಎನ್ನಲಿಲ್ಲ. ಹೆಸರು ಹಿಡಿದೂ ಕರೆಯಲಿಲ್ಲ. ಕರೆಯಬೇಕಾದಾಗಲೆಲ್ಲ ಕೆಮ್ಮುತ್ತಿದ್ದ!

"ಮಾಮಾಗೆ ಕೆಮ್ಮು ಜಾಸ್ತಿಯಾಗಿದೆ, ಔಷಧಿ ಕೊಡಿ ಸಿಸ್ಟರ್," ಎಂದು ಸಯಿ ಕಣ್ಣು ಮಿಟುಕಿಸಿದಳು.

ಕೇತಕಿ ರಾತ್ರಿಯಿಡೀ ಯೋಚಿಸಿದಳು. ಸಿಸ್ಟರ್ ಅನ್ನೋದು ಬಿಟ್ಟ ಅಂದ್ರೆ...? ಬಿಟ್ಟ ಅಂದ್ರೆ ಬಿಟ್ಟ ಅಷ್ಟೇ! ಅಥವಾ...? ಛೆ, ಏನು ಹುಚ್ಚು ನನಗೆ!

ಹೀಗೇ ವರ್ಷ ಕಳೆಯಿತು. ಅವನು ಏನನ್ನೂ ಹೇಳಲಿಲ್ಲ. ಇವಳು ಕೇಳಲಿಲ್ಲ. ಎಲೆಯಲ್ಲಿ ಸುತ್ತಿದ ಬಿಸಿ ಖವಾ ಮಾತ್ರ ತಪ್ಪದೆ ಅವಳ ಚೀಲ ಸೇರುತ್ತಿತ್ತು. ಕಳಂಬದಲ್ಲಿ ಆಯಿ ಅದನ್ನು ತಿನ್ನುತ್ತ, "ಯಾರೇ ಇವನು?" ಎಂದು ಕೇಳಿದರೆ ಕೇತಕಿ ಚೀಲ ಮಡಚುತ್ತ ಒಳಗೆ ಹೋಗಿಬಿಡುತ್ತಿದ್ದಳು.

ಜೋಳ ತೆನೆಕಟ್ಟಿದ ಸಮಯ. ಗುಡ್ಡದ ತಿರುವಿನಲ್ಲಿ ಅವನು ಗಾಡಿ ನಿಲ್ಲಿಸಿದ. ಅಂದು ಒಗೆದ ಅಂಗಿ ತೊಟ್ಟಿದ್ದ, ತಲೆಗೆ ಎಣ್ಣೆ ಹಚ್ಚಿ ಬಾಚಿದ್ದ.

"ನಿಮ್ಮತ್ರ ಒಂದು ಮಾತು ಕೇಳ್ಬೇಕಿತ್ತು."

ಕೇತಕಿ ಮನಸ್ಸಿನಲ್ಲೇ ಅಂದಳು, 'ಕೇಳು... ಕೇಳಿಬಿಡು...'

ಅವನು ಬಾಯಿ ತೆರೆದ. ಮುಚ್ಚಿದ. ಬೆವರೊರೆಸಿಕೊಂಡ.

"ಸಯಿಗೆ ಯಾವ ಲಸಿಕೆ ಬಿದ್ದಿದೆ ಅಂತ... ನೀವು ಹೇಗಾದ್ರೂ ಪತ್ತೆ ಮಾಡೋಕಾಗುತ್ತಾ? ನಿಮಗಾದ್ರೆ ಅಲ್ಲಿ ಎಲ್ಲರೂ ಪರಿಚಯ..."

ಅವಳಿಗೆ ಒಮ್ಮೆಲೇ ಎಲ್ಲ ಖಾಲಿಯಾದಂತಾಯಿತು.

"ಇದಕ್ಕಾ?" ದನಿ ಅವಳದೇ ಎನಿಸಲಿಲ್ಲ. "ಈ ಡಬ್ಬಿ ಹೊತ್ತಿದ್ದು, ಖವಾ ಕಟ್ಟಿಕೊಟ್ಟಿದ್ದು, ದಾರಿ ಕಾದಿದ್ದು... ಎಲ್ಲ ಇದಕ್ಕಾ?"

"ಹೌದು... ಅಲ್ಲ! ಅಂದ್ರೆ..."

"ಹೌದೋ ಅಲ್ವೋ?"

ಕೇತಕಿ ಗಾಡಿಯಿಂದ ಇಳಿದು ನಡೆದೇ ಹೋದಳು. ಹಿಂದೆ ಅವನ ಕೆಮ್ಮು ಕೇಳಿಸಿತು. ತಿರುಗಿ ನೋಡಲಿಲ್ಲ.

ಅಂದಿನಿಂದ ಪಿಂಪಳದರಾವನ್ನು ಬೇರೊಬ್ಬ ನರ್ಸಿಗೆ ಬಿಟ್ಟುಕೊಟ್ಟು ತಾನು ನದಿಯಾಚೆಯ ಹಳ್ಳಿಗಳಿಗೆ ಹೋಗತೊಡಗಿದಳು. ಸಿಟ್ಟು ಇಳಿಯಲಿಲ್ಲ. ಸಿಟ್ಟು ಯಾರ ಮೇಲೆ ಎಂಬುದೇ ಗೊತ್ತಾಗಲಿಲ್ಲ. ಅಕ್ಕನನ್ನು ಕಳೆದುಕೊಂಡವನು ಕೇಳಬಾರದ್ದೇನು ಕೇಳಿದ? ಆ ಮಗುವಿನ ಮೇಲಿನ ಜೀವ ಅದು. ಹಾಗಾದರೆ ತನ್ನ ಮೇಲೆ...? ಏನೂ ಇರಲಿಲ್ಲವಾ? ಸಿಸ್ಟರ್ ಅನ್ನೋದನ್ನು ಬಿಟ್ಟಿದ್ದೇಕೆ ಮತ್ತೆ?

ಅವಳನ್ನು ಹೆದರಿಸಿದ್ದು ಇನ್ನೊಂದು. ಅವತ್ತು ಆ ಉತ್ತರ ತನಗೆ ಗೊತ್ತಿದ್ದಿದ್ದರೆ... ಖಂಡಿತ ಹೇಳಿಬಿಡುತ್ತಿದ್ದೆ! ಇಷ್ಟು ವರ್ಷ ಕಾಪಾಡಿಕೊಂಡು ಬಂದ ನಿಯಮ ಅವನ ಒಂದು ನೋಟಕ್ಕೆ ಕರಗುವಷ್ಟು ತೆಳುವಾಗಿತ್ತು.

"ಮೊನ್ನೆ ಪಿಂಪಳದರಾಕ್ಕೆ ಹೋದಾಗ ಬಸ್ ಸ್ಟ್ಯಾಂಡಲ್ಲಿ ನಿಂತಿದ್ದ," ಎಂದಳು ಮಾವಶಿ ಒಂದು ಸಂಜೆ.

"ಲಸಿಕೆ ವಿಷಯ ಕೇಳಿದ್ನಾ?"

"ಇಲ್ಲಪ್ಪ. ನಾನಿಳಿದ ಮೇಲೂ ಬಸ್ಸಿನ ಬಾಗಿಲು ನೋಡ್ತಾ ಇದ್ದ. ಬಸ್ಸು ಹೋಯ್ತು. ಡಬ್ಬಿ ಇಸ್ಕೊಂಡು ಹೊತ್ತ. ಹೊಸ ನರ್ಸಿನ ಕಡೆ ತಿರುಗಿನೂ ನೋಡ್ಲಿಲ್ಲ."

ಕೇತಕಿಗೆ ಗೊಂದಲ ಇನ್ನೂ ಹೆಚ್ಚಿತು. ಬರೀ ತನ್ನ ಕೆಲಸ ಆಗಬೇಕಿದ್ದವನು ಹೊಸ ನರ್ಸನ್ನು ಕೇಳಬೇಕಿತ್ತಲ್ಲ?

ಬೇಸಿಗೆ ಮುಗಿಯುವ ಹೊತ್ತಿಗೆ ಆಸ್ಪತ್ರೆಯಿಂದ ಸುದ್ದಿ ಬಂತು. ಸಂಶೋಧನೆ ಮುಗಿದಿದೆ, ಇನ್ನು ಗುಟ್ಟಿಲ್ಲ. ಕಾಮಾಲೆ ಲಸಿಕೆ ಬಿದ್ದ ಹುಡುಗಿಯರಿಗೆಲ್ಲ ಈಗ ಆ ಇನ್ನೊಂದನ್ನು ಕೊಡಬೇಕು. ದೊಡ್ಡ ಡಾಕ್ಟರಮ್ಮ ಕೇತಕಿಯನ್ನು ಕರೆದು, "ಪಿಂಪಳದರಾಕ್ಕೆ ನೀನೇ ಹೋಗು. ಆ ಹುಡುಗಿಯರು ನಿನ್ನ ಮಾತೇ ಕೇಳೋದು," ಎಂದರು.

ಸಯಿಯ ಹೆಸರು ಕಾಮಾಲೆಯವರಲ್ಲಿತ್ತು.

ಶಾಲೆಯಲ್ಲಿ ಸಯಿ ಅಜ್ಜಿಯ ಜೊತೆ ಬಂದಳು. ಕೇತಕಿಯ ಕಣ್ಣು ಬಾಗಿಲಿನ ಕಡೆ ಹೋಯಿತು. ಹೊಗೆಯ ವಾಸನೆ ಇಲ್ಲ. ಅವನಿಲ್ಲ.

"ಇಷ್ಟು ದಿನ ನಿನಗೆ ಬಿದ್ದಿರಲಿಲ್ಲ ಕಣೇ. ಇವತ್ತು ಬೀಳುತ್ತೆ," ಎಂದು ಹೇಳಿ ಸೂಜಿ ಚುಚ್ಚಿದಳು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, "ನನ್ನ ಮಗಳಿಗೂ ಒಂದು ಬಿದ್ದಿದ್ರೆ..." ಎಂದಳು. ಕೇತಕಿ ಆ ಮುದುಕಿಯ ಕೈ ಹಿಡಿದು ಪಕ್ಕದಲ್ಲಿ ಕೂತಳು.

"ಮಾಮಾ ಬರಲ್ಲ ಅಂದ," ಸಯಿ ತಾನಾಗಿಯೇ ಹೇಳಿದಳು. "'ನಾನು ಬಂದ್ರೆ ಅದನ್ನ ಕೇಳೋಕೇ ಬಂದಿದ್ದಾನೆ ಅನ್ಕೋತಾರೆ, ಎಲ್ಲ ಮುಗೀಲಿ' ಅಂದ. ಸಿಸ್ಟರ್, ಅವನು ಎರಡು ಸಲ ಖವಾ ಸೀಯಿಸಿದ್ದಾನೆ ಗೊತ್ತಾ? ಹುಟ್ಟಿದಾಗಿನಿಂದ ಸೀಯಿಸಿದವನಲ್ಲ!"

ಕೇತಕಿಗೆ ಕೈಯಲ್ಲಿದ್ದ ಹತ್ತಿ ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಕೆಲಸ ಮುಗಿಸಿ ಬಸ್ ಸ್ಟ್ಯಾಂಡಿಗೆ ಬಂದಾಗ ಬಿಸಿಲು ಇಳಿಯುತ್ತಿತ್ತು. ಬೇವಿನ ಮರದ ಕೆಳಗೆ ಅವನು ನಿಂತಿದ್ದ. ಮೈಮೇಲೆ ಕೆಲಸದ ಅಂಗಿ. ಮಾವಶಿ ಇಬ್ಬರನ್ನೂ ನೋಡಿ, "ನನಗೆ ಚಹಾ ಬೇಕು," ಎಂದು ಎದುರಿನ ಹೋಟೆಲು ಹೊಕ್ಕಳು.

"ಸಯಿಗೆ..." ಕೇತಕಿ ಶುರುಮಾಡಿದಳು.

"ಆಯಿ ಹೇಳಿದ್ಲು. ಗೊತ್ತಾಯ್ತು." ಅವನು ಮುಖವೆತ್ತಿದ. "ಈಗ ನಿಮ್ಮಿಂದ ತಿಳ್ಕೊಳ್ಳೋದು ಏನೂ ಉಳಿದಿಲ್ಲ. ಆದ್ರೂ ಬಂದಿದ್ದೀನಿ. ಅದನ್ನ ತೋರಿಸೋಕೇ ಬಂದೆ."

ಕೇತಕಿ ಚೀಲವನ್ನು ಮರದ ಬುಡದಲ್ಲಿ ಇಳಿಸಿದಳು.

"ಅವತ್ತು ನಾನು ಕೇಳಬೇಕು ಅಂತಿದ್ದಿದ್ದು ಬೇರೆ. ವಾರದಿಂದ ಬಾಯಿಪಾಠ ಮಾಡಿದ್ದೆ. ಬಾಣಲೆ ಮುಂದೆ ನಿಂತು ಹೇಳಿ ಹೇಳಿ ನೋಡಿದ್ದೆ. ನಿಮ್ಮ ಮುಖ ನೋಡಿದ ತಕ್ಷಣ ಎಲ್ಲ ಮರೆತೋಯ್ತು! ಬಾಯಿಗೆ ಬಂದಿದ್ದು ಅದು."

"ಸುಳ್ಳು."

"ಪೂರ್ತಿ ಸುಳ್ಳಲ್ಲ. ಆ ಪ್ರಶ್ನೆನೂ ಹೊಟ್ಟೇಲಿತ್ತು. ರಾತ್ರಿ ಎದ್ದು ಕೂತು ಮಗು ಮುಖ ನೋಡ್ತಿದ್ದೆ. ಅದಕ್ಕೇ ಹೌದೂ ಅಂದೆ, ಅಲ್ಲಾನೂ ಅಂದೆ. ನೀವು ಒಂದೇ ಉತ್ತರ ಕೇಳಿದ್ರಿ. ನನ್ನತ್ರ ಎರಡಿತ್ತು."

ಕೇತಕಿಯ ಕಣ್ಣು ತುಂಬಿತು. ಇಷ್ಟು ತಿಂಗಳು ತೂಗಿ ತೂಗಿ ಸೋತ ತಕ್ಕಡಿ. ಎರಡೂ ತಟ್ಟೆ ನಿಜವಾಗಿದ್ದವು!

"ನನಗೂ ಒಂದು ಹೇಳೋದಿದೆ," ಎಂದಳು. "ಅವತ್ತು ಸಿಟ್ಟು ಬಂದಿದ್ದು ನೀವು ಕೇಳಿದ್ದಕ್ಕಲ್ಲ. ನನಗೆ ಗೊತ್ತಿದ್ದಿದ್ರೆ ನಿಮಗೋಸ್ಕರ ಹೇಳಿಬಿಡ್ತಿದ್ದೆ. ಅದಕ್ಕೆ ಹೆದರಿ ಓಡಿಹೋದೆ."

ಅವನು ಅವಳ ಮುಖವನ್ನೇ ನೋಡುತ್ತಿದ್ದ. ಆ ಮಾತಿನ ಅರ್ಥ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಇಳಿದ ಮೇಲೆ ಕಿವಿ ಕೆಂಪಾದವು.

"ಹಾಗಾದ್ರೆ... ನಮ್ಮ ಮನೇಲಿ ಆಯಿ ಇದ್ದಾಳೆ, ಸಯಿ ಇದ್ದಾಳೆ. ಭಟ್ಟಿ ಹೊಗೆ ಮನೆಯೊಳಗೂ ಬರುತ್ತೆ. ನಿಮ್ಮ ಕೆಲಸ ನೀವು ಬಿಡಬಾರದು, ಹಳ್ಳಿ ಸುತ್ತೋದು ಸುತ್ತಬೇಕು. ಇಷ್ಟಕ್ಕೆಲ್ಲ... ಒಪ್ಪಿಗೆನಾ?"

"ಯೋಚನೆ ಮಾಡೋಕೆ ಸಮಯ ಬೇಕು."

"ಎಷ್ಟು?"

"ಬಸ್ಸು ಬರೋವರೆಗೆ."

ಇಬ್ಬರೂ ಬೇವಿನ ಕೆಳಗೆ ಪಕ್ಕಪಕ್ಕದಲ್ಲಿ ನಿಂತರು. ಗುಡ್ಡದ ತಿರುವಿನಲ್ಲಿ ಧೂಳೆದ್ದಿತು. ಕೆಂಪು ಬಸ್ಸು ಬಂದು ನಿಂತಿತು. ಮಾವಶಿ ಚಹಾ ಬಿಟ್ಟು ಓಡಿ ಬಂದು ಹತ್ತಿ ಕೂತಳು. ಕೇತಕಿ ಕದಲಲಿಲ್ಲ.

"ಏನಮ್ಮಾ, ಹತ್ತೋದಿದ್ರೆ ಹತ್ತಿ! ಲೇಟಾಗ್ತಿದೆ!" ಎಂದು ಕಂಡಕ್ಟರ್ ಕೂಗಿದ.

"ಅವಳನ್ನ ಬಿಡಪ್ಪಾ, ಹೊಡಿ ಗಂಟೆ!" ಒಳಗಿಂದ ಮಾವಶಿಯ ದನಿ.

ಬಸ್ಸು ಹೊರಟುಹೋಯಿತು. ಉದ್ಧವ ಧೂಳನ್ನೇ ನೋಡುತ್ತ ನಿಂತ. ಅರ್ಥವಾಯಿತೋ ಇಲ್ಲವೋ ಎಂಬಂತೆ.

"ಬಸ್ಸು... ಹೋಯ್ತಲ್ಲ?"

"ಹೋಗ್ಲಿ ಬಿಡಿ."

"ಕಳಂಬಕ್ಕೆ ಇವತ್ತು ಬೇರೆ ಬಸ್ಸಿಲ್ಲ."

"ಗೊತ್ತು. ನೀವು ಬಿಟ್ಟು ಬರ್ತೀರಿ. ನಮ್ಮ ಆಯಿ ಮನೇಲೇ ಇದ್ದಾಳೆ, ನಿಮ್ಮನ್ನ ನೋಡಿದ ಹಾಗೂ ಆಗುತ್ತೆ."

ಅವನು ಗಾಬರಿಯಿಂದ ತನ್ನ ಎದೆಯ ಮೇಲಿನ ಹಾಲಿನ ಕಲೆಗಳನ್ನು ನೋಡಿಕೊಂಡ. "ಈ ಅಂಗಿಯಲ್ಲಾ?"

ಕೇತಕಿ ಕಣ್ಣೊರೆಸಿಕೊಂಡು ನಕ್ಕಳು.

"ಇದೇ ಅಂಗಿಯಲ್ಲಿ. ನಡೀರಿ, ಹೊತ್ತಾಯ್ತು."